ಬಡತನಕ್ಕೊಂದು ಸಹಿ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ. ಎಂಟು ವರ್ಷದವಳಿದ್ದಾಗ ಅಕ್ಕನ ಜಡೆ ನನ್ನದಕ್ಕಿಂತ ಉದ್ದವಾಗಿದೆ ಎಂದು ಅವಳ ಜಡೆಕುಚ್ಚನ್ನು ಬಚ್ಚಲ ಒಲೆಗೆ ಹಾಕಿದ್ದೆ. ಅಮ್ಮ ಬೆನ್ನಿಗೆರಡು ಬಿಟ್ಟು, ‘ಇವಳಿಗೆ ಹೊಟ್ಟೆ ತುಂಬ ಕೆಂಡ’ ಎಂದಿದ್ದಳು. ದೊಡ್ಡವಳಾಗುತ್ತ ಕೆಂಡ ಆರಿತು ಎಂದುಕೊಂಡಿದ್ದೆ. ಅಮೆರಿಕಕ್ಕೆ ಬಂದ ಮೇಲೆ ತಿಳಿಯಿತು, ಬೂದಿ ಮುಚ್ಚಿಕೊಂಡಿತ್ತು ಅಷ್ಟೆ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾವು ಅಟ್ಲಾಂಟಾದ ಹೊರಗೆ, ಡುಲುತ್‌ನಲ್ಲಿ ಮನೆ ಮಾಡಿದ್ದೆವು. ನನ್ನವರಿಗೆ ಸಾಫ್ಟ್‌ವೇರ್ ಕೆಲಸ, ಮಗನಿಗೆ ಸ್ಕೂಲು, ನನಗೆ ಬೇರೊಂದು ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನಲ್ಲಿ ಕ್ಲರ್ಕ್ ಕೆಲಸ. ಯಾವ ಕೌಂಟಿ ಎಂದು ಬರೆಯುವುದಿಲ್ಲ. ಬೆಳಗ್ಗೆ ಮುಕ್ಕಾಲು ಗಂಟೆ ಡ್ರೈವ್ ಮಾಡಬೇಕಿತ್ತು ಎಂದರೆ ಸಾಕು.

ಕೆಲಸ ಇಷ್ಟು. ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಕೊಂಡವರಿಗೆ ಲಾಯರ್ ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸರ್ಕಾರವೇ ಒಬ್ಬರನ್ನು ಕೊಡುತ್ತದೆ. ಸುಮ್ಮನೆ ಕೊಡುವುದಿಲ್ಲ. ‘ನನ್ನ ಹತ್ತಿರ ಇರುವುದು ಇಷ್ಟೇ, ನನ್ನಿಂದ ಆಗುವುದಿಲ್ಲ’ ಎಂದು ಪ್ರಮಾಣ ಮಾಡಿ ಫಾರ್ಮ್ ತುಂಬಿ ಸಹಿ ಹಾಕಬೇಕು. ಮೊದಲಿಗೆ ತಾತ್ಕಾಲಿಕವಾಗಿ ಒಬ್ಬ ಲಾಯರನ್ನು ಕೊಡುತ್ತಿದ್ದರು. ಆ ಲಾಯರು ಜೈಲಿಗೆ ಹೋಗಿ, ಒಂದೊಂದೇ ಪ್ರಶ್ನೆ ಕೇಳಿ ಫಾರ್ಮ್ ತುಂಬಿಸಿ ತರುತ್ತಿದ್ದರು. ಜಡ್ಜ್ ಒಪ್ಪಿದರೆ ಆರೋಪಿಗೆ ಕೊನೆಯವರೆಗೂ ಲಾಯರು, ಲಾಯರಿಗೆ ಕೌಂಟಿಯಿಂದ ಫೀಸು. ಒಪ್ಪದಿದ್ದರೆ ಎರಡೂ ಇಲ್ಲ.

ಆ ಫಾರ್ಮುಗಳು ಜಡ್ಜ್ ಹತ್ತಿರ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತಿದ್ದವು. ಎಲ್ಲ ಖಾನೆ ತುಂಬಿದೆಯೆ, ಸಹಿ ಇದೆಯೆ, ಸೀಲು ಬಿದ್ದಿದೆಯೆ ಎಂದು ನೋಡಿ, ಇದ್ದರೆ ‘ಪೂರ್ತಿ’ ಎಂದು ಬರೆದ ಟ್ರೇಗೆ ಹಾಕಬೇಕು. ಇಲ್ಲದಿದ್ದರೆ ಗುಲಾಬಿ ಚೀಟಿ ಅಂಟಿಸಿ ವಾಪಸು. ಒಳಗೆ ಬರೆದದ್ದು ಸರಿಯೋ ತಪ್ಪೋ ನೋಡುವುದು ನನ್ನ ಕೆಲಸವಲ್ಲ.

ಮೈಸೂರಿನಲ್ಲಿ ನಾನು ಐದು ವರ್ಷ ವಕೀಲಿ ಮಾಡಿದವಳು. ಅಲ್ಲಿ ಕೌಂಟರಿನ ಹೊರಗಡೆ ನಿಂತಿರುತ್ತಿದ್ದೆ. ಸ್ಟಾಂಪು ಸಾಲದು, ಮಾರ್ಜಿನ್ ಬಿಟ್ಟಿಲ್ಲ ಎಂದು ಶಿರಸ್ತೇದಾರರು ಅರ್ಜಿಯನ್ನು ಹಿಂದಕ್ಕೆ ತಳ್ಳಿದಾಗಲೆಲ್ಲ ನಮ್ಮ ಸೀನಿಯರ್ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದು ಗೊಣಗುತ್ತಿದ್ದರು. ಏಳು ಸಮುದ್ರ ದಾಟಿ ಬಂದು ನಾನೇ ಪೂಜಾರಿಯಾಗಿ ಕೂತಿದ್ದೆ. ಇಲ್ಲಿ ಮತ್ತೆ ಮೂರು ವರ್ಷ ಲಾ ಸ್ಕೂಲಿಗೆ ಹೋಗದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ‘ಮುಂದಿನ ವರ್ಷ ನೋಡೋಣ’ ಎಂದು ನನ್ನವರು ಆರು ವರ್ಷದಿಂದ ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಅದೊಂದು ಸೋಫಾ ಕೊಳ್ಳುವ ವಿಷಯದ ಹಾಗಿತ್ತು. ನನ್ನ ಕರಿ ಕೋಟು, ಬಿಳಿ ಬ್ಯಾಂಡು, ಗೌನು ಮೂರೂ ಸೂಟ್‌ಕೇಸಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದವು.

ಹೀಗಿರುವಾಗ ಆ ಹುಡುಗಿ ಬಂದಳು.

ಹುಬ್ಬಳ್ಳಿ ಕಡೆಯ ಡಾಕ್ಟರ್ ದಂಪತಿಯ ಒಬ್ಬಳೇ ಮಗಳು. ಎರಡು ವರ್ಷದ ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವಳು. ಕನ್ನಡ ಕೂಟದ ಊಟಗಳಲ್ಲಿ ಅವಳನ್ನು ನೋಡಿದ್ದೆ. ಕನ್ನಡ ಮಾತಾಡುತ್ತಿದ್ದಳು, ಮನೆಯಲ್ಲಿ ಕೇಳಿದ ಧಾರವಾಡದ ಕನ್ನಡವನ್ನು ಇಂಗ್ಲಿಷ್ ನಾಲಿಗೆಯಲ್ಲಿ. ಲಾ ಸ್ಕೂಲು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಕೋರ್ಟು ನೇಮಿಸುವ ಲಾಯರುಗಳ ಪಟ್ಟಿಗೆ ಸೇರಿ ಒಂದು ದಿನ ನನ್ನ ಕೌಂಟರಿನ ಮುಂದೆ ಬಂದು ನಿಂತಳು. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸು. ನೀಲಿ ಸೂಟು, ಕೈಯಲ್ಲಿ ಚರ್ಮದ ಬ್ಯಾಗು.

“ಆಂಟಿ, ನೀವು ಇಲ್ಲಿ ವರ್ಕ್ ಮಾಡ್ತೀರಿ? ದಿಸ್ ಈಸ್ ಸೋ ನೈಸ್” ಎಂದಳು.

ನನಗೆ ನೈಸ್ ಅನ್ನಿಸಲಿಲ್ಲ. ಆ ಕಟ್ಟಡದಲ್ಲಿ ನನ್ನನ್ನು ಎಲ್ಲರೂ ‘ಹನಿ’ ಎನ್ನುತ್ತಿದ್ದರು, ಮೊದಲ ದಿನವೇ ಅವಳನ್ನು ವಕೀಲರಿಗೆ ಸಲ್ಲುವ ಗೌರವದಿಂದ ‘ಕೌನ್ಸೆಲರ್’ ಎಂದರು. ಕೋರ್ಟ್ ಹಾಲಿನ ಬಾಗಿಲನ್ನು ಪೊಲೀಸಿನವನು ಅವಳಿಗಾಗಿ ಹಿಡಿದು ನಿಲ್ಲುತ್ತಿದ್ದ. ನಾನು ಫೈಲಿನ ಗಾಡಿ ತಳ್ಳಿಕೊಂಡು ಹೋದರೆ ನಾನೇ ಕಾಲಿನಿಂದ ಬಾಗಿಲು ಒದ್ದು ತೆಗೆಯಬೇಕಿತ್ತು. ಕೂಟದ ಊಟದಲ್ಲಿ ಹೆಂಗಸರು ಅವಳನ್ನು ಸುತ್ತಿಕೊಂಡು, ‘ನಮ್ಮ ಹುಡುಗೀನೂ ಲಾ ಮಾಡ್ಬೇಕು ಅಂತಾಳೆ, ಸ್ವಲ್ಪ ಗೈಡ್ ಮಾಡು’ ಎನ್ನುತ್ತಿದ್ದರು. ನನ್ನ ಹತ್ತಿರ ಬಂದು ಬಿಸಿಬೇಳೆ ಬಾತಿಗೆ ಯಾವ ಪುಡಿ ಹಾಕಿದ್ದೀರಿ ಎಂದು ಕೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ನಾನು ವಕೀಲೆಯಾಗಿದ್ದೆ ಎನ್ನುವುದು ಗೊತ್ತಿದ್ದವರಿಗೂ ಮರೆತುಹೋಗಿತ್ತು.

ಊಟದ ಬಿಡುವಿನಲ್ಲಿ ನಾನು ಸ್ಯಾಂಡ್‌ವಿಚ್ಚನ್ನು ಬ್ಯಾಗಿನಲ್ಲೇ ಬಿಟ್ಟು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದೆ, ಅವಳನ್ನು ನೋಡಲು. ಒಂದು ದಿನ ಪಾಟೀಸವಾಲಿನಲ್ಲಿ ಅವಳು ನಿಲ್ಲಿಸಬೇಕಾದ ಕಡೆ ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಿಬಿಟ್ಟಳು. ಸಾಕ್ಷಿ ಹೇಳುತ್ತಿದ್ದವನು ಅಷ್ಟು ಹೊತ್ತು ಅವಳು ಕಟ್ಟಿದ್ದನ್ನೆಲ್ಲ ಆ ಒಂದು ಉತ್ತರದಲ್ಲಿ ಕೆಡವಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಮಧ್ಯಾಹ್ನ ಯಾರ ಫಾರ್ಮಿಗೂ ಗುಲಾಬಿ ಚೀಟಿ ಹಾಕಲಿಲ್ಲ.

ಅವಳು ಇಷ್ಟು ದಿನದಲ್ಲಿ ನನ್ನನ್ನು ಹೊಗಳಿದ್ದು ಒಂದೇ ಸಲ. ಹಿಂದಿನ ಯುಗಾದಿಯ ಊಟದಲ್ಲಿ ನಾನು ಸ್ಟೀಲ್ ಡಬ್ಬಿಯಲ್ಲಿ ತಂದ ಹೋಳಿಗೆ ತಿಂದು, “ಆಂಟಿ, ಇದು ನಮ್ಮ ಅಜ್ಜಿ ಮಾಡಿದಂಗ ಅದ” ಎಂದಿದ್ದಳು. ಅದನ್ನು ನಾನು ಮಾಡಿರಲಿಲ್ಲ. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಲ್ಲಿ ಯಾರೋ ಒಬ್ಬ ಕನ್ನಡದ ಹೆಂಗಸು ಪ್ರತಿ ಭಾನುವಾರ ಹೋಳಿಗೆ ಮಾಡಿ ಮಾರಾಟಕ್ಕಿಡುತ್ತಿದ್ದಳು. ಅಲ್ಲಿ ಕೊಂಡು, ಪ್ಲಾಸ್ಟಿಕ್ ಡಬ್ಬಿ ಎಸೆದು, ನನ್ನ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ.

ಆ ಚಳಿಗಾಲದಲ್ಲಿ ನಮ್ಮ ಆಫೀಸಿನ ಮುಖ್ಯಸ್ಥೆ ನನ್ನನ್ನು ಕರೆದಳು. ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದ ಹೆಂಗಸು, ಮೂವತ್ತು ವರ್ಷದಿಂದ ಅದೇ ಕುರ್ಚಿ. ಫಾರ್ಮುಗಳು ತಪ್ಪು ತಪ್ಪಾಗಿ ಬರುತ್ತಿವೆ, ಲಾಯರುಗಳಿಗೆ ಅದನ್ನು ಹೇಗೆ ತುಂಬಬೇಕು ಎಂದು ಒಂದು ಮಾರ್ಗದರ್ಶಿ ಬರೆದುಕೊಡು ಎಂದಳು. ‘ಹನಿ, ನಿನ್ನಷ್ಟು ಗಮನವಿಟ್ಟು ಓದುವವರು ಇಲ್ಲಿ ಯಾರೂ ಇಲ್ಲ.’

ಮೈಸೂರು ಬಿಟ್ಟ ಮೇಲೆ ನಾನು ಬರೆದ ಮೊದಲ ಕಾನೂನಿನ ಬರಹ ಅದು. ಕೈಯಲ್ಲೇ ಬರೆದೆ, ಹೊಡೆದು ಹಾಕಿ ಮತ್ತೆ ಬರೆದೆ. ಹನ್ನೊಂದು ಅಂಶ ಆಯಿತು. ಹತ್ತು ಅಂಶಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು: ಖಾನೆ ಖಾಲಿ ಬಿಡಬೇಡಿ, ಸಹಿ ನಿಮ್ಮ ಎದುರೇ ಹಾಕಿಸಿ, ಪತ್ತೇದಾರನನ್ನು ನೇಮಿಸಿಕೊಳ್ಳಲು ಹಣ ಕೇಳುವುದಿದ್ದರೆ ಯಾಕೆ ಬೇಕು ಎಂದು ಬೇರೆ ಹಾಳೆಯಲ್ಲಿ ಬರೆಯಿರಿ, ಇಂಥವು. ಏಳನೆಯದು ಮಾತ್ರ ನನ್ನದು.

ಅದನ್ನು ನಾನು ಕಲಿತದ್ದು ಮೈಸೂರಿನಲ್ಲಿ. ನಮ್ಮ ಸೀನಿಯರ್ ಉಚಿತ ಕಾನೂನು ನೆರವಿನ ಕೇಸುಗಳನ್ನು ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಯಜಮಾನರ ಮನೆಯ ಬೆಳ್ಳಿ ಚೊಂಬು ಕದ್ದ ಆರೋಪದ ಮೇಲೆ ಮನೆಗೆಲಸದವಳೊಬ್ಬಳು ಬಂದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಸ್ತಿ ಏನಿದೆ ಎಂದು ಕೇಳಿದರೆ, ನಾಲ್ಕೆಕರೆ ಗದ್ದೆ ಇದೆ, ಹೆಂಚಿನ ಮನೆ ಇದೆ, ಅಣ್ಣ ತಮ್ಮಂದಿರು ನೋಡಿಕೊಳ್ಳುತ್ತಾರೆ ಎಂದಳು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಸೀನಿಯರ್ ನನ್ನ ಕೈಯಿಂದ ಪೆನ್ನು ತೆಗೆದಿಟ್ಟು, ‘ತಾಯಿ, ಏನೂ ಇಲ್ಲ ಅಂತ ಬರೆದರೆ ಕದ್ದೆ ಅಂತ ಬರೆದ ಹಾಗಲ್ಲ. ಈ ಕಾಗದಕ್ಕೂ ಆ ಚೊಂಬಿಗೂ ಸಂಬಂಧ ಇಲ್ಲ’ ಎಂದರು. ಅವಳು ಅವರ ಮುಖ ನೋಡಿ ಅತ್ತಳು. ಆಮೇಲೆ ಕಾಗದದಿಂದ ಗದ್ದೆ ಹೋಯಿತು, ಮನೆ ಹೋಯಿತು, ಅಣ್ಣ ತಮ್ಮಂದಿರೂ ಹೋದರು.

ಕಳ್ಳತನದ ಆರೋಪ ಹೊತ್ತವರಿಗೆ ಬಡತನವನ್ನು ಒಪ್ಪಿಕೊಳ್ಳುವುದೆಂದರೆ ಕದಿಯಲು ಕಾರಣವಿತ್ತು ಎಂದು ತಾವೇ ಬರೆದುಕೊಟ್ಟ ಹಾಗೆ. ಅದಕ್ಕೇ ಇಲ್ಲದ್ದನ್ನೆಲ್ಲ ಇದೆ ಎನ್ನುತ್ತಾರೆ. ಪ್ರಶ್ನೆ ಕೇಳುವ ಮೊದಲೇ ಲಾಯರು ಅವರ ಆ ಭಯ ಬಿಡಿಸಬೇಕು. ಏಳನೆಯ ಅಂಶ ಇದು.

ಮಾರ್ಗದರ್ಶಿ ಮುಗಿದು ನನ್ನ ಡ್ರಾಯರಿನಲ್ಲಿತ್ತು. ಹುಡುಗಿಗೆ ಹೇಗೋ ಸುದ್ದಿ ಗೊತ್ತಾಗಿ ಕೌಂಟರಿಗೆ ಬಂದಳು.

“ಆಂಟಿ, ಆ ಗೈಡ್ ಮುಗದದ ಏನು? ನಂಗ ಒಂದು ಕಾಪಿ ಕೊಡ್ರಿ. ಈ ಫಾರ್ಮ್ಸ್ ಭಾಳ ಕನ್‌ಫ್ಯೂಸಿಂಗ್ ಅವ.”

“ಇನ್ನೂ ಅಪ್ರೂವ್ ಆಗಿಲ್ಲಮ್ಮ” ಎಂದೆ.

ಸುಳ್ಳಲ್ಲ. ಅಪ್ರೂವ್ ಆಗಬೇಕಾದರೆ ನಾನು ಅದನ್ನು ಡ್ರಾಯರಿನಿಂದ ತೆಗೆದು ಮುಖ್ಯಸ್ಥೆಗೆ ಕೊಡಬೇಕಿತ್ತು. ಕೊಟ್ಟಿರಲಿಲ್ಲ. ಕೊಟ್ಟ ಮಾರನೆಯ ದಿನದಿಂದ ಅದು ಎಲ್ಲರದೂ ಆಗುತ್ತದೆ, ಅವಳದೂ ಆಗುತ್ತದೆ. ಅವಳ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದ್ದದ್ದು ಇದೊಂದೇ. ಇನ್ನೊಂದು ವಾರ ಇರಲಿ ಅನ್ನಿಸಿತು.

ಆ ವಾರವೇ ಅವಳು ತಂದ ಫಾರ್ಮ್ ಬಂತು.

ಆರೋಪಿ ಮಂಡ್ಯ ಕಡೆಯ ನಲವತ್ತು ದಾಟಿದ ಹೆಂಗಸು. ಒಂದು ಕನ್ನಡದವರ ಮನೆಯಲ್ಲಿ ಬಾಣಂತನಕ್ಕೆಂದು ಊರಿಂದ ಕರೆಸಿಕೊಂಡು, ಆಮೇಲೆ ಅಡುಗೆಗೂ ಇಟ್ಟುಕೊಂಡಿದ್ದರು. ಮನೆಯೊಡತಿಯ ಚಿನ್ನದ ಬಳೆ ಕಾಣೆಯಾಗಿ, ಪೊಲೀಸರನ್ನು ಕರೆದು, ಅವಳನ್ನು ಜೈಲಿಗೆ ಹಾಕಿಸಿದ್ದರು. ಕನ್ನಡ ಬರುವ ಲಾಯರು ನಮ್ಮಲ್ಲೇ ಇದ್ದಾಳೆ ಎಂದು ಜಡ್ಜ್ ಬಹಳ ಸಂತೋಷಪಟ್ಟು ಹುಡುಗಿಯನ್ನು ನೇಮಿಸಿದ್ದರು. ಕನ್ನಡ ಬರುವ ಕ್ಲರ್ಕ್ ಕೂಡ ಇದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಕೂಟದಲ್ಲಿ ಕೆಲವರು, ನಿಮ್ಮ ಮಗಳು ಗುರುತಿನವರ ವಿರುದ್ಧವೇ ಕೇಸು ನಡೆಸುತ್ತಾಳಾ ಎಂದು ಅವಳ ಅಪ್ಪ ಅಮ್ಮನ ಹತ್ತಿರ ಮುಖ ಗಂಟಿಕ್ಕಿಕೊಂಡಿದ್ದರು. ಅವಳು ಲೆಕ್ಕಕ್ಕಿಟ್ಟಿರಲಿಲ್ಲ. ಆ ಧೈರ್ಯಕ್ಕೂ ನನಗೆ ಹೊಟ್ಟೆ ಉರಿಯಿತು.

ಫಾರ್ಮ್ ಓದಿದೆ. ಹುಡುಗಿಯ ದುಂಡು ಅಕ್ಷರ, ಎಲ್ಲ ಖಾನೆ ತುಂಬಿತ್ತು. ಸ್ವಂತ ಮನೆ: ಇದೆ, ಊರಿನಲ್ಲಿ. ಜಮೀನು: ಮೂರು ಎಕರೆ. ಸಹಾಯ ಮಾಡಬಲ್ಲ ಬಂಧುಗಳು: ನಾಲ್ವರು ಅಣ್ಣಂದಿರು. ಒಡವೆ: ಒಂದು ಚಿನ್ನದ ಸರ, ಅದರಲ್ಲಿ ಎರಡು ಬಿಲ್ಲೆ. ಒಡವೆ ಈಗ ಎಲ್ಲಿದೆ ಎಂಬ ಖಾನೆಯಲ್ಲಿ: ಜೈಲಿನ ಸಾಮಾನು ಕೋಣೆ.

ನನ್ನ ಕೈ ತಾನಾಗಿ ಕತ್ತಿನ ಸರಕ್ಕೆ ಹೋಯಿತು. ಜೈಲಿಗೆ ಹಾಕುವಾಗ ತಾಳಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದಾರೆ. ಆ ಹೆಂಗಸು ಅದನ್ನೇ ತನ್ನ ಆಸ್ತಿ ಎಂದು ಬರೆಸಿದ್ದಾಳೆ. ಉಳಿದದ್ದೂ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥವಾಯಿತು. ಆ ಚೊಂಬಿನ ಹೆಂಗಸೇ ಮತ್ತೆ ಬಂದು ಕೂತಿದ್ದಳು. ಇದನ್ನು ಜಡ್ಜ್ ನೋಡಿದರೆ ಏನು ಮಾಡುತ್ತಾರೆ ಎನ್ನುವುದೂ ಗೊತ್ತಿತ್ತು. ಒಂದು ಫೋನ್ ಸಾಕಾಗಿತ್ತು. ಅದೂ ಬೇಡ, ಹುಡುಗಿ ಅದೇ ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿದ್ದಳು. ಒಬ್ಬ ದೊಡ್ಡ ಲಾಯರು ಏನೋ ಹೇಳುತ್ತಿದ್ದರು, ಇವಳು ನಗುತ್ತಿದ್ದಳು.

ಐದು ವರ್ಷ ಕೋರ್ಟಿನಲ್ಲಿ ಬೆವರು ಸುರಿಸಿ ಕಲಿತದ್ದನ್ನು ನಾನು ಯಾಕೆ ಪುಕ್ಕಟೆ ಕೊಡಬೇಕು ಅನ್ನಿಸಿತು. ಲಾಯರು ಅವಳು. ಅವಳಿಗೆ ಕಲಿಸಲು ದೊಡ್ಡ ಲಾ ಸ್ಕೂಲು ಇತ್ತಲ್ಲ.

ಎಲ್ಲ ಖಾನೆ ತುಂಬಿತ್ತು, ಸಹಿ ಇತ್ತು, ಸೀಲು ಇತ್ತು. ‘ಪೂರ್ತಿ’ ಎಂಬ ಟ್ರೇಗೆ ಹಾಕಿದೆ.

ಮಾರನೆಯ ದಿನ ಅರ್ಜಿ ತಿರಸ್ಕಾರವಾಯಿತು. ‘ಈಕೆ ನನಗಿಂತ ಅನುಕೂಲಸ್ಥೆ’ ಎಂದು ಜಡ್ಜ್ ತಮಾಷೆ ಮಾಡಿದರಂತೆ. ಮುಂದಿನ ಗುರುವಾರಕ್ಕೆ ನಿಗದಿಯಾಗಿದ್ದ ಜಾಮೀನಿನ ವಿಚಾರಣೆಯೂ ಪಟ್ಟಿಯಿಂದ ಹೋಯಿತು. ತಾನೇ ಲಾಯರು ಇಟ್ಟುಕೊಂಡು ಬರಲಿ ಎಂದು ಆದೇಶ.

ಹುಡುಗಿ ಕೌಂಟರಿಗೆ ಬಂದಳು. ಮೊದಲ ಸಲ ಅವಳ ಮುಖ ಬಾಡಿದ್ದು ನೋಡಿದೆ.

“ಆಂಟಿ, ಜಡ್ಜ್ ಡಿನೈ ಮಾಡ್ಯಾರ. ನಾ ಏನ್ ತಪ್ಪು ಮಾಡೀನಿ? ಐ ರೋಟ್ ಎಕ್ಸಾಕ್ಟ್‌ಲೀ ವಾಟ್ ಶಿ ಸೆಡ್.”

“ಫಾರ್ಮ್ ಕಂಪ್ಲೀಟ್ ಆಗಿತ್ತಮ್ಮ. ನಾನು ನೋಡೋದು ಅಷ್ಟೇ. ಮತ್ತೆ ಅಪ್ಲೈ ಮಾಡ್ಬೋದು, ಹೊಸ ಅಫಿಡವಿಟ್ ಬೇಕಾಗುತ್ತೆ.”

“ಹೊಸದ್ರಾಗ ಏನ್ ಬರೀಲಿ? ಕೇಳಿದ್ರ ಮತ್ತ ಅದನ್ನೇ ಹೇಳ್ತಾರ.”

“ಅದನ್ನ ನೀನೇ ನೋಡ್ಬೇಕು. ಲಾಯರ್ ನೀನು” ಎಂದೆ.

ಈ ಮಾತು ಹೇಳಿದಾಗ ಬಾಯಿಗೆ ಬಂದ ರುಚಿ ನನಗೆ ಇನ್ನೂ ನೆನಪಿದೆ. ಸಿಹಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ಬಿಡುವವಳಲ್ಲ. ಫೀಸಿಲ್ಲದಿದ್ದರೂ ಮತ್ತೆ ಜೈಲಿಗೆ ಹೋಗಿ ಎರಡನೆಯ ಫಾರ್ಮ್ ತುಂಬಿಸಿ ತಂದಳು. ಈ ಸಲ ಎರಡು ಹಸುವೂ ಸೇರಿದ್ದವು. ಕೇಳಿದಷ್ಟೂ ಆ ಹೆಂಗಸು ಹೆದರಿ ಇನ್ನಷ್ಟು ಸ್ಥಿತಿವಂತಳಾಗುತ್ತಿದ್ದಳು. ಅದೂ ಪೂರ್ತಿಯಾಗಿತ್ತು. ಅದನ್ನೂ ಟ್ರೇಗೆ ಹಾಕಿದೆ, ಅದೂ ತಿರಸ್ಕಾರವಾಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ನನ್ನವರಿಗೆ ಹೇಳಿದೆ, ಒಂದು ಕೇಸಿನಲ್ಲಿ ಹೀಗೆ ಆಗಿದೆ ಎಂದು. ನನ್ನ ಪಾಲನ್ನು ಹೇಳಲಿಲ್ಲ. ಅವರು, “ಪಾಪ, ಆ ಹುಡುಗಿಗೆ ಎಕ್ಸ್‌ಪೀರಿಯನ್ಸ್ ಸಾಲ್ದು. ನೀನಾದ್ರೂ ಹೇಳಿಕೊಡ್ಬಾರ್ದಾ?” ಎಂದರು.

“ನನ್ನನ್ನ ಯಾರು ಕೇಳ್ತಾರೆ” ಎಂದೆ. ಕೇಳಿದ್ದಳು. ಎರಡು ಸಲ ಕೇಳಿದ್ದಳು.

ಯುಗಾದಿ ಹತ್ತಿರ ಬಂದಿತ್ತು. ಕೂಟದ ಊಟಕ್ಕೆ ಈ ಸಲವೂ ನಿಮ್ಮದೇ ಹೋಳಿಗೆ ಎಂದು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬರೆದಿದ್ದರು. ಶನಿವಾರ ನಾರ್‌ಕ್ರಾಸ್‌ನ ಅಂಗಡಿಗೆ ಹೋದೆ, ಮೊದಲೇ ಹೇಳಿಟ್ಟು ಬರೋಣ ಎಂದು. ಹೋಳಿಗೆ ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಖಾರ ಸೇವು ಇಟ್ಟಿದ್ದರು. ಅಂಗಡಿಯ ಗುಜರಾತಿ ಹೆಂಗಸನ್ನು ಕೇಳಿದೆ. ಅವಳು ಹಿಂದಿಯಲ್ಲಿ ಹೇಳಿದ್ದು ಇದು: ‘ಹೋಳಿಗೆ ಮಾಡುವವಳು ಜೈಲಿನಲ್ಲಿದ್ದಾಳೆ, ಕೆಲಸದ ಮನೆಯಲ್ಲಿ ಬಳೆ ಹೋಯಿತಂತೆ. ಭಾನುವಾರದ ರಜದಲ್ಲಿ ನಮ್ಮ ಮನೆಯ ಅಡುಗೆಮನೆಯಲ್ಲೇ ಮಾಡುತ್ತಿದ್ದಳು. ನನ್ನ ಒಡವೆ ಪೆಟ್ಟಿಗೆ ಮೇಜಿನ ಮೇಲೆ ತೆರೆದಿದ್ದರೆ ಮುಚ್ಚಿಟ್ಟು ಬರಲು ಹೇಳುತ್ತಿದ್ದಳು. ಅವಳು ಕದ್ದಳು ಎಂದರೆ ನಾನು ನಂಬುವುದಿಲ್ಲ.’

ನಾನು ಅಂಗಡಿಯಿಂದ ಏನೂ ಕೊಳ್ಳದೆ ಬಂದು ಕಾರಿನಲ್ಲಿ ಕೂತೆ.

ನನಗೆ ಆಗ ಆದದ್ದನ್ನು ಪಶ್ಚಾತ್ತಾಪ ಎಂದು ಬರೆದರೆ ಅತಿಯಾಗುತ್ತದೆ. ಮೊದಲು ಆದದ್ದು ನಾಚಿಕೆ. ಆ ಹುಡುಗಿ ನನ್ನನ್ನು ಹೊಗಳಿದ ಒಂದೇ ಒಂದು ಮಾತು ನಾನು ಟ್ರೇಗೆ ಹಾಕಿದ ಹೆಂಗಸಿನ ಕೈಯಿಂದ ಬಂದಿತ್ತು.

ಸೋಮವಾರ ಬೆಳಗ್ಗೆ ಡ್ರಾಯರಿನಿಂದ ಮಾರ್ಗದರ್ಶಿ ತೆಗೆದೆ. ಏಳನೆಯ ಅಂಶವಿದ್ದ ಹಾಳೆಯ ಕಾಪಿ ಮಾಡಿ, ಲಾಯರುಗಳಿಗೆ ಕಾಗದ ಹಾಕುವ ಗೂಡುಗಳಲ್ಲಿ ಹುಡುಗಿಯ ಗೂಡಿಗೆ ಹಾಕಿದೆ. ಯಾರು ಹಾಕಿದರು ಎಂದು ಬರೆಯಲಿಲ್ಲ. ಉಪಕಾರ ಮಾಡುವಾಗಲೂ ಮುಖ ಕೊಟ್ಟು ಮಾಡಲು ನನಗಾಗಲಿಲ್ಲ. ಮೂಲ ಪ್ರತಿಯನ್ನು ಮುಖ್ಯಸ್ಥೆಯ ಮೇಜಿನ ಮೇಲಿಟ್ಟೆ.

ಮಧ್ಯಾಹ್ನ ಅವಳು ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಆ ಹಾಳೆ ಕೈಯಲ್ಲಿತ್ತು.

“ಆಂಟಿ, ಇದು ನಿಮ್ಮ ರೈಟಿಂಗ್. ನಾ ಈಗ ಜೈಲಿಂದ ಬಂದೆ. ಇದನ್ನ ಅವ್ರಿಗೆ ಕನ್ನಡದಾಗ ಹೇಳಿದೆ, ಈ ಪೇಪರಿಗೂ ಬಳಿಗೂ ಸಂಬಂಧ ಇಲ್ಲ ಅಂತ. ಭಾಳ ಅತ್ತರು. ಆಮೇಲೆ ಎಲ್ಲಾ ಚೇಂಜ್ ಮಾಡಿಸಿದರು.”

ಹೊಸ ಫಾರ್ಮನ್ನು ನನ್ನ ಮುಂದಿಟ್ಟಳು. ಮನೆ: ಇಲ್ಲ. ಜಮೀನು: ಇಲ್ಲ. ಬಂಧುಗಳು: ಯಾರೂ ಇಲ್ಲ. ಒಡವೆಯ ಖಾನೆಯಲ್ಲಿ ಏನು ಬರೆಸಿದಳು ಎಂದು ಹುಡುಗಿಯೇ ಹೇಳಿದಳು, ಅವಳ ಮಾತಿನಲ್ಲೇ: “ಮಾಂಗಲ್ಯ ಒಂದೈತೆ ಕಣವ್ವ, ಅದೂ ನಿಮ್ಮ ಜೈಲಿನೋರ ತಾವೇ ಐತೆ.”

ಹಿಂದಿನ ಎರಡು ಅಫಿಡವಿಟ್ಟುಗಳಲ್ಲಿ ಯಾಕೆ ಬೇರೆ ಬರೆದಿತ್ತು ಎಂದು ಜಡ್ಜ್ ಕೇಳುತ್ತಾರೆ, ಅದಕ್ಕೊಂದು ಹಾಳೆ ಸೇರಿಸು ಎಂದೆ. ಏನು ಬರೆಯಬೇಕು ಎಂದೂ ಹೇಳಿದೆ. ಅವಳು ಕೌಂಟರಿಗೆ ಒರಗಿಕೊಂಡೇ ನಾನು ಹೇಳಿದಂತೆ ಬರೆದುಕೊಂಡಳು. ಆರು ವರ್ಷದಲ್ಲಿ ನಾನು ಹೇಳಿದ್ದನ್ನು ಒಬ್ಬ ಲಾಯರು ಬರೆದುಕೊಂಡದ್ದು ಅದೇ ಮೊದಲು.

ಬರೆದು ಮುಗಿಸಿ ತಲೆಯೆತ್ತಿ, “ನೀವು ಇಲ್ಲಿ ಲಾಯರ್ ಆಗಿದ್ರ ನನಗಿಂತ ಬೆಟರ್ ಇರ್ತಿದ್ರಿ ಆಂಟಿ” ಎಂದಳು.

ಎಷ್ಟು ವರ್ಷದಿಂದ ಈ ಮಾತಿಗೆ ಕಾದಿದ್ದೆನೋ. ಅವಳ ಬಾಯಿಂದಲೇ ಬರಬೇಕು ಎಂದು ಕಾದಿದ್ದೆ. ಬಂತು. ನಾನು ಫಾರ್ಮನ್ನು ಎಳೆದುಕೊಂಡು ಖಾನೆಗಳನ್ನು ಮತ್ತೊಮ್ಮೆ ನೋಡತೊಡಗಿದೆ.

ಅರ್ಜಿ ಒಪ್ಪಿಗೆಯಾಯಿತು. ಹುಡುಗಿ ಮತ್ತೆ ನೇಮಕವಾದಳು, ಪತ್ತೇದಾರನನ್ನು ಇಟ್ಟುಕೊಳ್ಳಲೂ ಹಣ ಮಂಜೂರಾಯಿತು. ಅವನು ಮಾಡಿದ್ದು ಬಹಳ ಸಣ್ಣ ಕೆಲಸ. ಬಳೆ ಕಾಣೆಯಾದ ವಾರ ಆ ಮನೆಯಲ್ಲಿ ಇನ್ನು ಯಾರಿದ್ದರು ಎಂದು ಮನೆಯವರನ್ನು ಕೇಳಿದ. ಮೊಮ್ಮಗುವನ್ನು ನೋಡಲು ಬಂದಿದ್ದ ಅತ್ತೆ ಆ ವಾರವೇ ಬೆಂಗಳೂರಿಗೆ ಹೊರಟಿದ್ದರು. ಮಗನಿಂದ ಅವರಿಗೆ ಫೋನ್ ಮಾಡಿಸಿದ. ಬಳೆ ಅವರ ಹತ್ತಿರವಿತ್ತು. ಮಗು ಇರುವ ಮನೆ, ಕಂಡ ಕಂಡಲ್ಲಿ ಇಡುತ್ತೀರಿ ಎಂದು ಲಾಕರಿನಲ್ಲಿಡಲು ಒಯ್ದಿದ್ದರಂತೆ, ಹೇಳಲು ಮರೆತಿದ್ದರಂತೆ. ಇಷ್ಟು ದಿನ ಸೊಸೆ ನಾಚಿಕೆಯಿಂದ ಬಳೆ ಕಳೆದ ಸುದ್ದಿಯನ್ನೇ ಅತ್ತೆಗೆ ತಿಳಿಸಿರಲಿಲ್ಲ.

ಒಂದು ಪ್ರಶ್ನೆ, ಒಂದು ಫೋನು. ನಾನು ಮೊದಲ ಫಾರ್ಮನ್ನು ಟ್ರೇಗೆ ಹಾಕಿದ ದಿನದಿಂದ ಏಳನೆಯ ಅಂಶವನ್ನು ಗೂಡಿಗೆ ಹಾಕಿದ ದಿನಕ್ಕೆ ಹನ್ನೊಂದು ದಿನವಾಗಿತ್ತು.

ಕೇಸು ವಜಾ ಆದ ಮೇಲೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹುಡುಗಿ ಆ ಹೆಂಗಸನ್ನು ನನ್ನ ಕೌಂಟರಿಗೆ ಕರೆದುಕೊಂಡು ಬಂದಳು. ಕುಳ್ಳಗೆ, ತೆಳ್ಳಗೆ ಇದ್ದಳು. ಹುಡುಗಿಯ ಅಮ್ಮನ ಸೀರೆ ಇರಬೇಕು, ಉದ್ದ ಹೆಚ್ಚಾಗಿ ಸೊಂಟದಲ್ಲಿ ದಪ್ಪಗೆ ಸಿಕ್ಕಿಸಿಕೊಂಡಿದ್ದಳು. ತಾಳಿ ಕತ್ತಿಗೆ ಬಂದಿತ್ತು. ಅದು ಇದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ಒಂದು ಕೈಯನ್ನು ಅದರ ಮೇಲೇ ಇಟ್ಟುಕೊಂಡಿದ್ದಳು.

“ಇವ್ರೇ ಆ ಆಂಟಿ. ನಿಮ್ಮ ಫಾರ್ಮ್ ಹೆಂಗ ಬರೀಬೇಕು ಅಂತ ಹೇಳಿಕೊಟ್ಟೋರು ಇವ್ರೇ” ಎಂದಳು ಹುಡುಗಿ.

ಆ ಹೆಂಗಸು ಕೌಂಟರಿನ ಮೇಲಿಂದ ಕೈ ಚಾಚಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಗೈ ಒರಟಾಗಿತ್ತು.

“ಅಮ್ಮಾವ್ರೆ, ಈ ಮಗೀಗೆ ತಿಳೀನಿಲ್ಲ, ನಂಗೂ ತಿಳೀನಿಲ್ಲ. ನೀವು ಒಬ್ರು ಇದ್ರಿ. ಕತ್ತು ಬರಿದಾಗಿ ಕುಂತಿದ್ದೆ ಕಣ್ರವ್ವ. ಟವಲ್ಲಿಂದ ಒಂದು ದಾರ ಕಿತ್ತು ಕಟ್ಕೊಂಡ್ರೆ ಅದ್ನೂ ಕಿತ್ಕೊಂಡ್ರು.” ಕೈ ಬಿಡದೆ ಕೇಳಿದಳು, “ನಿಮ್ಗೆ ಮೊದ್ಲೇ ಗೊತ್ತಾಗಿದ್ರೆ ಇನ್ನೂ ಬಿರ್ನೆ ಆಗೋದೇನೋ, ಅಲ್ವರಾ?”

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಲ್ಲಿ ನಿಜ ಹೇಳಿದ್ದರೆ ಅವಳು ಹೇಳಿದ ‘ನನಗಿಂತ ಬೆಟರ್’ ಎಂಬ ಆ ಒಂದು ಮಾತನ್ನು ನಾನು ಕಳೆದುಕೊಳ್ಳುತ್ತಿದ್ದೆ.

“ಇಲ್ಲಮ್ಮ. ನಂಗೂ ಆಮೇಲೇ ಗೊತ್ತಾಗಿದ್ದು” ಎಂದೆ.

“ಬುಡಿ, ಅದ್ಕೆ ನೀವೇನ್ ಮಾಡೀರಿ” ಎಂದು ಅವಳೇ ನನ್ನ ಕೈ ತಟ್ಟಿ ಸಮಾಧಾನ ಮಾಡಿದಳು. “ಯುಗಾದಿ ಮುಗ್ದೋಯ್ತು. ಒಂದಿನ ನಿಮ್ಗೆ ಅಂತ್ಲೇ ಹೋಳ್ಗೆ ಮಾಡ್ಕೊಟ್ಟು ಕಳಿಸ್ತೀನಿ. ನಮ್ಮ ಕಡೆ ಹೋಳ್ಗೆ, ನೀವು ತಿಂದಿರಲಾರ್ರಿ.”

ತಿಂದಿಲ್ಲ ಎಂದು ತಲೆಯಾಡಿಸಿದೆ.

ಕಾಗದವನ್ನು ಅವಳ ಮುಂದೆ ತಳ್ಳಿ ಎಲ್ಲಿ ಸಹಿ ಹಾಕಬೇಕು ಎಂದು ತೋರಿಸಿದೆ. ಮೇಲೆ ಹೇಳಿದ್ದೆಲ್ಲ ನಿಜ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಅವಳು ಕನ್ನಡದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ. ಆಮೇಲೆ ಹುಡುಗಿ ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟಳು. ಪೊಲೀಸಿನವನು ಇಬ್ಬರಿಗೂ ಬಾಗಿಲು ಹಿಡಿದ. ನೋಡುತ್ತ ಕೂತ ನನಗೆ ಆಗಲೂ ಹೊಟ್ಟೆಯಲ್ಲಿ ಕೆಂಡ ಬಿತ್ತು, ಈ ಸಲ ಇಬ್ಬರ ಮೇಲೂ.